ಭೂಮಿ ನಿಧಾನವಾದ ಗುರುವಾರ

ಬುಧವಾರ ದೋಣಿಗಾರ ಪಾಕ್ ದೇರಿಸ್, ಎದುರಿನ ದ್ವೀಪದಿಂದ ಬರುವಾಗ ಮೀನಿನ ಬುಟ್ಟಿಗಳ ಜೊತೆ ಒಂದು ಮಾತನ್ನೂ ಹೊತ್ತು ತಂದ. ದೆರಮಾನನ ಹೆಂಡತಿ ಸಲಾಮಾ ಹೇಳಿ ಕಳಿಸಿದ ಮಾತು: "ನಾಳೆ ಉಬ್ಬರಕ್ಕೆ ಬರ್ತೀನಿ. ದಕ್ಕೆ ಮೇಲೆ ನೀವು ನಿಂತಿದ್ರೆ ಇಳೀತೀನಿ. ಇಲ್ದಿದ್ರೆ ಇನ್ನು ಯಾವತ್ತೂ ಆ ಮನೆ ಮೆಟ್ಟಿಲು ಹತ್ತಲ್ಲ."

ಕುವಾಲ ಸಿಪುತ್ ಊರಿನ ಅಳಿವೆ ಬಾಯಲ್ಲಿ ದೊಡ್ಡ ಮರಳದಿಬ್ಬ. ಉಬ್ಬರ ಬಂದಾಗ ಮಾತ್ರ ದೋಣಿಗಳು ಅದನ್ನು ದಾಟಬೇಕು. ಆ ಹೊತ್ತನ್ನು ದಿನಾ ಬೆಳಿಗ್ಗೆ ದಕ್ಕೆಯ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವನು ದೆರಮಾನ. ಊರಿಗೆಲ್ಲ ಹೊತ್ತು ಹೇಳುವ ಈ ಪುಣ್ಯಾತ್ಮ ತಾನು ಮಾತ್ರ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ತನ್ನ ಮದುವೆಗೇ ನೆಂಟರು ಉಂಡು ಕೈ ತೊಳೆಯುವಾಗ ಬಂದಿದ್ದ. ನಾಲ್ಕು ತಿಂಗಳ ಹಿಂದೆ ಅವನಿಗಾಗಿ ಬಸ್ ನಿಲ್ದಾಣದ ಬಿಸಿಲಲ್ಲಿ ಮೂರು ಗಂಟೆ ಕಾದ ಸಲಾಮಾ ಅಲ್ಲಿಂದಲೇ ಹೋಗಿ ದೋಣಿ ಹತ್ತಿ ದ್ವೀಪದಲ್ಲಿದ್ದ ತಾಯಿಯ ಮನೆಗೆ ಹೊರಟುಹೋಗಿದ್ದಳು.

ಅಂದಿನಿಂದ ದೆರಮಾನ ಅನ್ನವನ್ನು ಇಬ್ಬರಿಗಾಗುವಷ್ಟೇ ಬೇಯಿಸುತ್ತಿದ್ದ. ಅವಳ ಪಾಲನ್ನು ಮಾರನೆಯ ಬೆಳಿಗ್ಗೆ ತಾನೇ ತಿನ್ನುತ್ತಿದ್ದ.

ಗುರುವಾರ ಅವನು ಹಲಗೆ ಮೇಲೆ "ನಾಲ್ಕು ಹತ್ತು" ಎಂದು ಎಂದಿಗಿಂತ ದಪ್ಪಗೆ ಬರೆದು ಮಾಕ್ ನಾಬ್‌ಳ ಕಾಫಿ ಅಂಗಡಿಗೆ ಬಂದ. ಅಲ್ಲಿ ನಿವೃತ್ತರಾದ ಜವಾವಿ ಮೇಷ್ಟ್ರು ಪೇಪರು ಹರಡಿಕೊಂಡು ಲೋಕವನ್ನು ತಿದ್ದುತ್ತ ಕೂತಿದ್ದರು.

"ಕೇಳಿದ್ಯೇನೋ? ಚಂದ್ರನ ಮೇಲೆ ಕನ್ನಡಿ ಇಟ್ಟು ಬಂದಿದ್ರಲ್ಲ, ಅದರಿಂದ ಅಳೆದಿದ್ದಾರೆ. ಕಡಲಿನ ಉಬ್ಬರ ಭೂಮಿಗೆ ಬ್ರೇಕು ಹಾಕ್ತಿದೆಯಂತೆ, ಭೂಮಿ ತಿರುಗೋದು ನಿಧಾನ ಆಗ್ತಿದೆ. ಚಂದ್ರ ವರ್ಷಕ್ಕೆ ಎರಡು ಬೆರಳಗಲ ದೂರ ಸರೀತಿದ್ದಾನೆ. ಅವನ ಸುತ್ತೂ ನಿಧಾನವೇ."

"ಉಬ್ಬರದ್ದು ತಪ್ಪು ಅಂದ್ರೆ, ಉಬ್ಬರ ಬರೆಯೋನು ಇವನೇ ಅಲ್ವಾ?" ಎಂದಳು ಮಾಕ್ ನಾಬ್. "ಇವನ ಸೋಮಾರಿತನ ಭೂಮಿಗೂ ಅಂಟ್ಕೊಂಡಿದೆ!"

ಅಂಗಡಿಯಲ್ಲಿದ್ದವರೆಲ್ಲ ದೆರಮಾನನನ್ನು ಕಳ್ಳನನ್ನು ನೋಡುವಂತೆ ನೋಡಿದರು.

"ದಿನ ಎಷ್ಟು ಉದ್ದ ಆಗಿದೆ ಮೇಷ್ಟ್ರೇ?" ಎಂದು ಕೇಳಿದ ದೆರಮಾನ.

"ನೂರು ವರ್ಷಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು."

"ಅಳೆದವನ ಹೆಂಡ್ತಿ ಮನೇಲೇ ಇದ್ಲು ಅಂತ ಕಾಣುತ್ತೆ," ಎಂದ ದೆರಮಾನ. "ನನಗೆ ನಾಲ್ಕು ತಿಂಗಳಿಂದ ಒಂದೊಂದು ದಿನ ಎರಡೆರಡು ದಿನದಷ್ಟಾಗಿದೆ. ಅಲ್ಲ, ಆ ಚಂದ್ರ ದೂರ ಹೋಗ್ತಿದ್ರೆ ಯಾರೂ ಹೋಗಿ ಕರೆಯಲಿಲ್ವಾ?"

"ನೀನು ಸಲಾಮಾನ್ನ ಕರೆಯೋಕೆ ಹೋದ್ಯೇನೋ?" ಎಂದರು ಮೇಷ್ಟ್ರು.

ದೆರಮಾನ ಆಗಲೇ ಸಕ್ಕರೆ ಕರಗಿದ್ದ ಕಾಫಿಯನ್ನು ಮತ್ತೆ ಕದಡತೊಡಗಿದ.

ಮಧ್ಯಾಹ್ನ ಮಾಕ್ ನಾಬ್ ಅವನ ಅವತಾರ ನೋಡಿ ತನ್ನ ಗಂಡನ ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಆ ಅಂಗಿಯಲ್ಲಿ ಇನ್ನೊಬ್ಬ ದೆರಮಾನನಿಗೂ ಜಾಗವಿತ್ತು. ಆಮೇಲೆ "ಈ ಮೀಸೆ ನೋಡಿದ್ರೆ ಇಳಿಯೋಳೂ ಇಳಿಯಲ್ಲ" ಎಂದು ಕ್ಷೌರದ ಸೆಮಾನನ ಬಳಿಗೆ ಅಟ್ಟಿದಳು. ಸೆಮಾನ ಅರ್ಧ ಮೀಸೆ ತೆಗೆದು, ಕತ್ತಿಯನ್ನು ಗಾಳಿಯಲ್ಲಿ ನಿಲ್ಲಿಸಿ ಯೋಚನೆಗೆ ಬಿದ್ದ.

"ತಿರುಗೋ ಭೂಮಿಗೆ ಬ್ರೇಕು ಹಾಕಿದ್ರೆ ನಾವೆಲ್ಲ ಮುಂದಕ್ಕೆ ಮುಗ್ಗರಿಸಬೇಕಲ್ವಾ?"

"ಮೊದಲು ಇನ್ನರ್ಧ ತೆಗೆಯೋ ಮಾರಾಯ, ಹೊತ್ತಾಯ್ತು!"

"ಅವಸರ ಯಾಕೆ? ಹಲಗೇಲಿ ಐದು ಹತ್ತು ಅಂತಿದೆ."

"ನಾನು ಬರೆದದ್ದು ನಾಲ್ಕು ಹತ್ತು!"

"ಭೂಮಿ ನಿಧಾನ ಆಯ್ತಲ್ಲ. ಅದಕ್ಕೆ ಮಾಕ್ ನಾಬ್ ಒಂದು ಗಂಟೆ ಸೇರಿಸಿದ್ಲು. ಊರೆಲ್ಲ ಒಪ್ಪಿದೆ."

ಆಗ ಗಂಟೆ ನಾಲ್ಕು. ಹೆಗಲ ಮೇಲಿನ ಟವೆಲು, ಕೆನ್ನೆಯ ಸೋಪಿನ ನೊರೆ, ಅರ್ಧ ಮೀಸೆ ಎಲ್ಲವನ್ನೂ ಹೊತ್ತುಕೊಂಡು ದೆರಮಾನ ಎದ್ದುಬಿದ್ದು ಓಡಿದ. ಒಣಹಾಕಿದ ಬಲೆಗೆ ಕಾಲು ಸಿಕ್ಕಿ ಬಿದ್ದು ಬಲೆಯನ್ನೂ ಎಳೆದುಕೊಂಡು ಓಡಿದ. ದಕ್ಕೆ ಮುಟ್ಟಿದಾಗ ನಾಲ್ಕು ಗಂಟೆ ಎಂಟು ನಿಮಿಷ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನು ಎರಡು ನಿಮಿಷ ಮುಂಚೆ ಬಂದಿದ್ದ. ಸಾಕ್ಷಿಗೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರು ಐದು ಹತ್ತಕ್ಕೆ ಬರುವುದಿತ್ತು.

ಕಡಲಿಗೆ ಹಲಗೆ ಓದಲು ಬರುವುದಿಲ್ಲ. ಸರಿಯಾಗಿ ನಾಲ್ಕು ಹತ್ತಕ್ಕೆ ನೀರು ತುಂಬಿ ಪಾಕ್ ದೇರಿಸ್‌ನ ದೋಣಿ ಬಂದು ನಿಂತಿತು. ಬುಟ್ಟಿಗಳು ಇಳಿದವು, ಒಂದು ಮೇಕೆ ಇಳಿಯಿತು. ಸಲಾಮಾ ಇಳಿಯಲಿಲ್ಲ.

"ಅವಳೆಲ್ಲಿ?"

"ತಾಯಿ ಮನೆ ಮೆಟ್ಟಿಲ ಮೇಲೆ ಕೂತಿದ್ಲು. ಕರೆದೆ. ನೀವು ಹೊರಡಿ ಅಂತ ಕೈ ಬೀಸಿದ್ಲು."

ಕರೆಯೋಕೆ ಹೋದ್ಯೇನೋ ಎಂಬ ಮೇಷ್ಟ್ರ ಮಾತು ಬೆಳಗಿನಿಂದ ದೆರಮಾನನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನೀರಿಳಿಯುವ ಮುಂಚೆ ದಿಬ್ಬ ದಾಟಿ ದ್ವೀಪ ಸೇರಲು ಪಾಕ್ ದೇರಿಸ್ ಐಸು ತುಂಬಿಸಿಕೊಂಡು ದೋಣಿ ತಿರುಗಿಸುತ್ತಿದ್ದಂತೆ ದೆರಮಾನ ಬಲೆ ಸಮೇತ ಒಳಕ್ಕೆ ಹಾರಿದ.

"ನಡೀರಿ. ನಾನೇ ಹೋಗಿ ಕರೀತೀನಿ."

ದೋಣಿ ಅಳಿವೆ ಬಾಯಿಗೆ ಬಂತು. ಎದುರಿನಿಂದ ಇನ್ನೊಂದು ಮೀನು ದೋಣಿ ಒಳಗೆ ಬರುತ್ತಿತ್ತು. ಚುಕ್ಕಾಣಿ ಹಿಡಿದವನು ಸಲಾಮಾಳ ಅಣ್ಣ. ಮುಂದೆ ಹಳದಿ ಕೊಡೆಯ ಕೆಳಗೆ, ಮಡಿಲಲ್ಲಿ ಗಂಟು ಇಟ್ಟುಕೊಂಡು, ಹೊಸ ಸರೋಂಗ್ ಲುಂಗಿ ಉಟ್ಟು ಸಲಾಮಾ ಕೂತಿದ್ದಳು.

"ರೀ! ನಾನು ಬರ್ತೀನಿ ಅಂತ ಗೊತ್ತಾಗಿ ಓಡಿಹೋಗ್ತಿದ್ದೀರಾ? ಅದೂ ಅರ್ಧ ಮೀಸೆ ಬೋಳಿಸಿಕೊಂಡು!"

"ನಿನ್ನನ್ನ ಕರೆಯೋಕೆ ಹೊರಟಿದ್ದೀನಿ ಕಣೇ! ಮೊದಲ ದೋಣಿಗೆ ಯಾಕೆ ಬರ್ಲಿಲ್ಲ?"

"ನೀವು ತಡ ಮಾಡ್ತೀರಿ ಅಂತ! ನೀವು ಬಂದು ನಿಲ್ಲೋವಷ್ಟು ಹೊತ್ತಾಗ್ಲಿ, ಊರವರ ಮುಂದೆ ನಿಮ್ಮ ಮಾನ ಉಳೀಲಿ ಅಂತ ಬೇಕಂತಲೇ ಒಂದು ದೋಣಿ ಬಿಟ್ಟೆ!"

ದೆರಮಾನನ ಕಣ್ಣು ತುಂಬಿತು. "ದೋಣಿ ತಿರುಗಿಸಿ ಪಾಕ್ ದೇರಿಸ್!"

"ದಿಬ್ಬದ ಮೇಲೆ ತಿರುಗಿಸಿದ್ರೆ ಮರಳಲ್ಲಿ ಕೂರ್ತೀವಿ. ನೀರು ಇಳೀತಿದೆ. ಇನ್ನು ವಾಪಸ್ ಬರೋದು ಬೆಳಗಿನ ಜಾವದ ಉಬ್ಬರಕ್ಕೇ."

ಎರಡು ದೋಣಿಗಳು ಒಂದನ್ನೊಂದು ದಾಟಿ ದೂರವಾದವು. ಸಲಾಮಾ ಕೊಡೆ ಬಿಟ್ಟು ಎದ್ದು ನಿಂತು, ಕೈ ಆಡಿಸಿ ಏನೋ ಕೂಗಿದಳು. ದೆರಮಾನನೂ ಟವೆಲು ಬೀಸಿ ಕೂಗಿದ. ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಇಷ್ಟು ಹೊತ್ತು ಕಣ್ಣು ಕೀಳದೆ ನೋಡಿದ್ದೇ ಇಲ್ಲ. ಅವಳ ಮುಖ ಕಾಣದಾಗುವವರೆಗೂ ನೋಡಿದ.

"ಬೆಳಿಗ್ಗೆ ಮೊದಲ ದೋಣಿಗೇ ವಾಪಸ್ ಬರ್ತೀಯೇನೋ?" ಎಂದ ಪಾಕ್ ದೇರಿಸ್.

"ಬರ್ತೀನಿ... ಅಲ್ಲ, ತಡೀರಿ. ನಾನು ಬರ್ತೀನಿ ಅಂದಿದ್ದು ಅವಳಿಗೆ ಕೇಳಿಸ್ತೋ, ಇಲ್ವೋ? ಅವಳು ಕೂಗಿದ್ದೇನು, ಅಲ್ಲೇ ಇರ್ತೀನಿ ಅಂತಲೋ, ಬೆಳಿಗ್ಗೆ ನಾನೇ ಬರ್ತೀನಿ ಅಂತಲೋ?"

"ಈ ಇಂಜಿನ್ ಸದ್ದಲ್ಲಿ ನನ್ನ ಕೆಮ್ಮೇ ನನಗೆ ಕೇಳಿಸಲ್ಲ ಕಣಪ್ಪ," ಎಂದ ಪಾಕ್ ದೇರಿಸ್. "ಮೊದಲು ನಿಮ್ಮ ಅತ್ತೆಗೆ ಏನು ಹೇಳ್ತೀಯ ಯೋಚಿಸು. ಅಗೋ, ಮಗಳನ್ನ ಕಳಿಸಿ ದ್ವೀಪದ ದಕ್ಕೆ ಮೇಲೇ ನಿಂತಿದ್ದಾರೆ."