ಏರಿನಲ್ಲಿ ನಿಲ್ಲುವ ವೈಪರು

ಇಡೀ ಬೀದರದಲ್ಲಿ ಮಳೆಯ ದಾರಿ ಕಾಯುತ್ತಿದ್ದವರು ಇಬ್ಬರೇ: ಒಬ್ಬ ರೈತ, ಇನ್ನೊಬ್ಬರು ನಮ್ಮ ಕಾಕಾ. ರೈತನಿಗಾದರೂ ಹೊಲ ಇತ್ತು. ಕಾಕಾನಿಗೆ ಇದ್ದದ್ದು ಒಂದು ಹಳೆಯ ಮೋಟಾರು ಕಾರು.

ಆ ದಿನ ಭಾಲ್ಕಿಯ ನಮ್ಮ ಪಡಸಾಲೆಯಲ್ಲಿ ನಾನು, ಅವ್ವ, ನೆರೆಮನೆಯ ಸಾಲಿ ಮಾಸ್ತರರು ಕೂತಿದ್ದೆವು. ನಾಲ್ಕು ಹನಿ ಬಿದ್ದವು. ಅವ್ವ ಆಕಾಶ ನೋಡಲಿಲ್ಲ, ರಸ್ತೆ ನೋಡಿದಳು.

"ಮಳಿ ಬಂತು. ಇನ್ನ ನಿಮ್ಮ ಕಾಕಾ ಬರ್ತಾನ."

ಮಾಸ್ತರರು ಎದ್ದೇಬಿಟ್ಟರು. "ನನಗ ಜರಾ ಕೆಲಸ ಅದರಿ, ವೈನಿ."

"ಏನ್ ಕೆಲಸರಿ?"

"ಅದನ್ನ ಮನಿಗೆ ಹೋಗಿ ವಿಚಾರ ಮಾಡ್ತೇನಿ."

ಮಾಸ್ತರರು ಹೀಗೆ ಓಡಿದ್ದಕ್ಕೆ ಕಾರಣ ಇತ್ತು. ಅದನ್ನು ಹೇಳಬೇಕಾದರೆ ಮೊದಲು ಮೋಟಾರಿನ ಸಂಗತಿ ಹೇಳಬೇಕು. ಹೈದರಾಬಾದಿನ ಯಾವುದೋ ನವಾಬರ ಮನೆಯಲ್ಲಿ ಮುಪ್ಪಾಗಿ, ಬೀದರಕ್ಕೆ ಪಿಂಚಣಿ ತಿನ್ನಲು ಬಂದಂಥ ಮೋಟಾರು ಅದು. ಗಾಜು ಒರೆಸುವ ಅದರ ವೈಪರು ಎಂಜಿನ್ನಿನ ಉಸಿರಿನ ಮೇಲೆ ಬದುಕಿತ್ತು. ಎಂಜಿನ್ನು ಸಣ್ಣದೊಂದು ರಬ್ಬರ್ ಪೈಪಿನಿಂದ ಗಾಳಿ ಎಳೆದುಕೊಂಡರೆ ವೈಪರಿನ ಕಡ್ಡಿ ಅತ್ತಿತ್ತ ಆಡುತ್ತಿತ್ತು. ಏರು ಬಂದು ಎಂಜಿನ್ನಿಗೇ ಏದುಸಿರು ಹತ್ತಿದಾಗ ಪಾಪ, ಕಡ್ಡಿಗೆ ಉಸಿರು ಎಲ್ಲಿಂದ ಬರಬೇಕು? ನಿಂತುಬಿಡುತ್ತಿತ್ತು. ಆಗ ಪಕ್ಕದ ಸೀಟಿನಲ್ಲಿ ಕೂತವರು ಗಾಜಿನ ಒಳಗಡೆ ಇದ್ದ ಹಿಡಿಕೆ ಹಿಡಿದು ಕಡ್ಡಿಯನ್ನು ಕೈಯಿಂದಲೇ ಆಡಿಸಬೇಕು.

ಆ ಸೀಟು ಕಾಕುವಿನದು, ಅಂದರೆ ಕಾಕಾನ ಹೆಂಡತಿಯದು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಎಲೆ ಅಡಿಕೆ, ಬಾಯಲ್ಲಿ ಊರ ಸುದ್ದಿ. ಸುದ್ದಿ ಬಿರುಸಾದಷ್ಟೂ ಕಡ್ಡಿ ಬಿರುಸು. ಅವರಿಗೆ ಮಕ್ಕಳಿರಲಿಲ್ಲ. ಕಾಕು ತೀರಿಕೊಂಡ ಮೇಲೆ ಸೀಟು ಖಾಲಿಯಾಯಿತು. ಅದೇ ವರ್ಷ ಪೈಪೂ ಸೀಳಿ, ವೈಪರು ಏರಿನಲ್ಲಷ್ಟೇ ಅಲ್ಲ, ಇಳಿಜಾರಿನಲ್ಲೂ ನಿಲ್ಲತೊಡಗಿತು. ಮಳೆ ಬಂದರೆ ಸಾಕು, ಹಿಡಿಕೆ ಆಡಿಸಲು ಒಬ್ಬರು ಬೇಕೆಂದು ಕಾಕಾ ಬೀದರದಿಂದ ಭಾಲ್ಕಿಗೆ ಬಂದುಬಿಡುತ್ತಿದ್ದರು. ಅಷ್ಟು ದೂರ ಮಳೆಯಲ್ಲಿ ಒಬ್ಬರೇ ಬಂದವರಿಗೆ ಭಾಲ್ಕಿಯಿಂದ ಮುಂದೆ ಮಾತ್ರ ಜೊತೆ ಯಾಕೆ ಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಮಾಸ್ತರರ ಕಥೆ. ಗಾಜಿಗೆ ಉಳ್ಳಾಗಡ್ಡಿ ತಿಕ್ಕಿದರೆ ನೀರು ನಿಲ್ಲುವುದಿಲ್ಲ ಎಂದು ಯಾರೋ ಕಾಕಾನಿಗೆ ಹೇಳಿದ್ದರು. ಕಾಕಾ ಒಂದು ಬುಟ್ಟಿ ತಿಕ್ಕಿದರು. ಹೊರಗಿನದು ಮಳೆಗೆ ತೊಳೆದು ಹೋದೀತೆಂದು ಒಳಗೂ ತಿಕ್ಕಿದರು. ಮಾಸ್ತರರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಔರಾದಿಗೆ ಹೊರಟು ಸಂತಪುರ ಮುಟ್ಟುವಷ್ಟರಲ್ಲಿ ಇಬ್ಬರ ಕಣ್ಣಲ್ಲೂ ಧಾರಾಕಾರ. ಊರ ಮಂದಿ ಕೈಹಿಡಿದು ಇಳಿಸಿ, ಕಟ್ಟೆಯ ಮೇಲೆ ಕೂಡಿಸಿ, ಮುಖಕ್ಕೆ ನೀರು ಕೊಟ್ಟರು. ಒಬ್ಬ ಮುದುಕಿ ಕೇಳಿದಳು:

"ಯಾರ್ ಹೋದ್ರಪ್ಪಾ?"

ಕಾಕಾ ಸುಳ್ಳು ಹೇಳುವವರಲ್ಲ. "ನಮ್ಮ ಮನಿಯಾಕಿ" ಅಂದರು.

"ಅಯ್ಯ ಶಿವನ. ಯಾವಾಗ?"

"ಎರಡ್ ವರ್ಷ ಆತು."

ಮುದುಕಿ ನಗಲಿಲ್ಲ. ಎರಡು ರೊಟ್ಟಿ, ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು. ಅಂದಿನಿಂದ ಮಾಸ್ತರರು ಮಾತ್ರ ಮೋಡ ಕಂಡರೆ ಮನೆ ಸೇರುತ್ತಿದ್ದರು.

ಹೀಗಾಗಿ ಆ ದಿನ ಹಾರ್ನು ಕೇಳಿದಾಗ ಸಿಕ್ಕಿಬಿದ್ದವನು ನಾನೊಬ್ಬನೇ. ಬೀದರದ ಏರು ಹತ್ತುವಾಗ ಮಳೆ ಎಷ್ಟು ಜೋರಾಯಿತೆಂದರೆ, ನಾನು ತೋಳು ಬೀಳುವ ಹಾಗೆ ಆಡಿಸಿದರೂ ಗಾಜಿನಾಚೆ ಏನೂ ಕಾಣದು. ಹಿಂದಿನಿಂದ ಬಂದ ಎತ್ತಿನ ಬಂಡಿ ನಮ್ಮನ್ನು ದಾಟಿತು. ಬಂಡಿಯವನು ಕೂಗಿದ: "ಸಾಹೇಬ್ರ, ಹಗ್ಗ ಕಟ್ಟಲೇನ್ರಿ?"

"ಬ್ಯಾಡಪ್ಪ. ದಾರಿ ಕಾಣವಲ್ದು, ನೀ ಬಂಡಿ ಹಿಂದ ಕಟ್ಟಿದ ಎತ್ತಿನ ಬಾಲ ಕಾಣ್ತದ. ಅದರ ಹಿಂದ ಬರ್ತೇನಿ, ನಡಿ."

ಬಾಲ ನೋಡುತ್ತಲೇ ಬೀದರ ಸೇರಿದೆವು. ದಾರಿಯುದ್ದಕ್ಕೂ ಕಾಕಾ ಮಾತಾಡಿದರು: ಅಕ್ಕಸಾಲಿಗನ ಜಗಳ, ಬಾವಿಯ ನೀರು, ಕಾಕು ಹಾಕುತ್ತಿದ್ದ ಉಪ್ಪಿನಕಾಯಿ. ನಾನು ಕೇಳಿಸಿಕೊಂಡದ್ದು ನನ್ನ ತೋಳಿನ ನೋವನ್ನು ಮಾತ್ರ.

ಮುಂದಿನ ವಾರ ಕಚೇರಿ ಕೆಲಸಕ್ಕೆ ಹೈದರಾಬಾದಿಗೆ ಹೋದವನು ಒಬ್ಬ ಮೋಟಾರು ಮಿಸ್ತ್ರಿಯನ್ನು ವೈಪರಿನ ಬಗ್ಗೆ ಕೇಳಿದೆ. ಪೂರಾ ಕೇಳುವ ಮೊದಲೇ ಅವನು ಗೇಣುದ್ದ ರಬ್ಬರ್ ಪೈಪು ಕೊಟ್ಟ. ಬೀದರಕ್ಕೆ ಹೋಗಿ ನಾನೇ ಹಾಕಿದೆ. ಕಡ್ಡಿ ಕುಣಿಯತೊಡಗಿತು! ಹೊಸ ಪೈಪು ಬಿಗಿಯಾಗಿದ್ದರಿಂದ ಏರಿನಲ್ಲೂ ಪೂರ್ತಿ ನಿಲ್ಲಲಿಲ್ಲ. ಅಲ್ಲೂ ಆಗೊಮ್ಮೆ ಈಗೊಮ್ಮೆ ಗಾಜು ಒರೆಸುತ್ತಿತ್ತು. ಕಾಕಾ ಬಹಳ ಹೊತ್ತು ನೋಡಿ "ಭೇಷ್, ತಮ್ಮಾ" ಅಂದರು. ನಾನು ಹಿಗ್ಗಿದೆ. ಎಂಥ ಜಾಣ ನಾನು!

ಆಮೇಲೆ ಭಾಲ್ಕಿಯಲ್ಲಿ ಹಾರ್ನು ಕೇಳಲಿಲ್ಲ. ಒಂದು ಮಳೆ ಹೋಯಿತು, ಎರಡು ಹೋದವು. ಮೂರನೆಯದಕ್ಕೆ ಮಾಸ್ತರರೇ ಬಾಗಿಲಿಗೆ ಬಂದು ರಸ್ತೆ ನೋಡಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಏನ್ ರಿಪೇರಿ ಮಾಡಿ ಬಂದಿಯೋ ನೀ?" ಅಂದಳು.

ಮರುದಿನವೇ ಬೀದರಕ್ಕೆ ಹೋದೆ. ಅಲ್ಲೂ ಮಳೆ. ಮೋಟಾರು ಕಾಕಾನ ಅಂಗಳದಲ್ಲೇ ನಿಂತಿತ್ತು, ಎಂಜಿನ್ನು ಚಾಲೂ. ಕಾಕಾ ಒಳಗೆ ಕೂತಿದ್ದರು. ಕಡ್ಡಿ ಅತ್ತ, ಇತ್ತ.

"ಎಲ್ಲಿಗೆ ಹೊಂಟೀರಿ, ಕಾಕಾ?"

"ಎಲ್ಲಿಗೂ ಇಲ್ಲ. ಅದು ತಾನ ಆಡ್ಲಿಕತ್ತದ. ಇನ್ನ ಯಾರನ್ನ ಏನಂತ ಕರೀಲಿ?"

ನಾನು ಬಾನೆಟ್ ಎತ್ತಿದೆ. ಪೈಪು ಕಿತ್ತು ಶೇರವಾನಿಯ ಕಿಸೆಗೆ ಹಾಕಿಕೊಂಡೆ. ಕಡ್ಡಿ ನಿಂತಿತು.

"ಕಾಕಾ, ಮತ್ತ ಕೆಟ್ಟದರಿ."

ಅವರು ನನ್ನ ಕಿಸೆ ನೋಡಿದರು, ಮುಖ ನೋಡಿದರು.

"ಹೈದರಾಬಾದಿನ ಮಾಲು. ನನಗ ಮೊದಲಽ ಭರವಸಿ ಇರ್ಲಿಲ್ಲ. ಹತ್ತು, ಔರಾದಿಗೆ ಹೋಗಿ ಬರೂಣು."

ಹತ್ತಿದೆ. ಉಪ್ಪಿನಕಾಯಿಯ ಕಥೆ ಆ ದಿನ ಪೂರ್ತಿ ಕೇಳಿದೆ.

ಆಮೇಲೆ ಐದು ಮಳೆಗಾಲ ಆ ಹಿಡಿಕೆ ನನ್ನ ಕೈಯಲ್ಲಿತ್ತು. ಕಾಕಾ ಹೋದ ಮೇಲೆ ಮೋಟಾರನ್ನು ಮಾರಲು ಸೀಟು ಬಿಚ್ಚಿದೆವು. ಅವರು ಕೂಡುತ್ತಿದ್ದ ಸೀಟಿನ ಕೆಳಗೆ, ಉರ್ದು ಪತ್ರಿಕೆಯ ಹಳದಿಯಾದ ಹಾಳೆಯಲ್ಲಿ ಸುತ್ತಿದ್ದ ಎರಡು ರಬ್ಬರ್ ಪೈಪು ಸಿಕ್ಕವು. ಗೇಣುದ್ದದವು, ಹೊಸವು. ಹಾಳೆಯ ಮೇಲಿನ ತಾರೀಖು ಓದಿದೆ. ಕಾಕು ತೀರಿಕೊಂಡ ವರ್ಷದ್ದು.