ಬೇರಿನ ಪುಡಿ ಮತ್ತು ಮಾವನವರ ಕಿಡ್ನಿ

ನನ್ನ ಮಾವ ರೇವಣಪ್ಪನವರ ಎಲೆ-ಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ನೋವಿನ ಗುಳಿಗೆಗಳೂ ಇರುತ್ತವೆ. ಮುಧೋಳದ ಅವರ ಮನೆಗೆ ಯಾರೇ ಹೋಗಲಿ, ಮೊದಲು ನೀರು, ಆಮೇಲೆ ಚಹಾ, ಆಮೇಲೆ "ಬಸ್ಸಿನಾಗ ಮೈಕೈ ಜಜ್ಜಿಹೋಗಿರ್ತದ, ಒಂದ್ ಗುಳಿಗಿ ತಗೋರಿ" ಎಂಬ ಉಪಚಾರ. ಬೇಡ ಎಂದರೆ ಅವರಿಗೆ ಅವಮಾನ. ಆ ಗುಳಿಗೆಯ ಹೆಸರು ಯಾರಿಗೂ ಗೊತ್ತಿಲ್ಲ. ಕಿರಾಣಿ ಅಂಗಡಿಯವನು ಕತ್ತರಿಯಿಂದ ಕತ್ತರಿಸಿ ಕೊಡುವ ಅದನ್ನು ಬಣ್ಣದಿಂದಲೇ ಗುರುತಿಸುತ್ತಾರೆ: ಹಳದಿ. ತಲೆನೋವಿಗೆ ಹಳದಿ, ಮೊಣಕಾಲಿಗೆ ಹಳದಿ, ಸೊಸೆ ಎದುರುತ್ತರ ಕೊಟ್ಟರೂ ಹಳದಿ.

ನಾನು ವಾಡಿಯಲ್ಲಿ ವಿಜ್ಞಾನದ ಮಾಸ್ತರು. ನಮ್ಮ ವಂಶದ ಮೊದಲ ಬಿ.ಎಸ್ಸಿ. (ಹಿಂದಿನವರೆಲ್ಲ ಹೆಬ್ಬೆಟ್ಟಿನಲ್ಲೇ ಕೆಲಸ ಸಾಗಿಸಿದರು.) ಇಂಥ ಅಜ್ಞಾನವನ್ನು ನಾನು ಸಹಿಸುವುದಿಲ್ಲ.

ಮಾವನವರ ಪಾದಗಳು ಬಾತುಕೊಂಡಾಗ ಪರೀಕ್ಷೆ ಮಾಡಿದ ಡಾಕ್ಟರು, "ಕಿಡ್ನಿಗೆ ಪೆಟ್ಟು ಬಿದ್ದದ. ನೋವಿನ ಗುಳಿಗಿ ಪೂರಾ ಬಂದ್ ಮಾಡ್ರಿ. ಇಲ್ಲಾಂದ್ರ ಮುಂದ ಡಯಾಲಿಸಿಸ್" ಎಂದರು. ನನ್ನ ಹೆಂಡತಿ ಉಮಾದೇವಿ ಅತ್ತಳು. ನಾನು ಒಳಗೊಳಗೇ ಗೆದ್ದೆ. ಮಾವನವರನ್ನು ವಾಡಿಗೆ ಕರೆತಂದು, ಸಂಚಿಯನ್ನು ಜಪ್ತಿ ಮಾಡಿ, ಮೂತ್ರಪಿಂಡದ ರಚನೆ ಹಾಗೂ ಕಾರ್ಯಗಳ ಕುರಿತು ಚಿತ್ರ ಸಮೇತ ಉಪನ್ಯಾಸ ಕೊಟ್ಟೆ.

"ಎಲ್ಲಾ ಖರೆ ಅಳಿಯಂದ್ರೆ, ಮಣಕಾಲಿಗೆ ಏನ್ ಮಾಡ್ಲಿ?"

"ಗಿಡಮೂಲಿಕೆ," ಎಂದೆ ಗಂಭೀರವಾಗಿ.

ಚಿಂಚೋಳಿ ಕಾಡಿನ ಬೇರು ಎಂದು ಸಂತೆಯಲ್ಲಿ ಒಬ್ಬ ಪುಡಿ ಮಾರುತ್ತಿದ್ದ. ನನ್ನ ಸೊಂಟನೋವಿಗೆ ನಾನು ಅದನ್ನೇ ತಿನ್ನುತ್ತಿದ್ದೆ. (ಅದರಲ್ಲಿ ಏನಿದೆ ಎಂದು ವಿಚಾರಿಸಲಿಲ್ಲವೇ ಎಂದು ಕೇಳಬೇಡಿ. ಬೇರಿನಲ್ಲಿ ಬೇರೇ ಇರಬೇಕಲ್ಲವೇ?)

"ಡಾಕ್ಟರಿಗೆ ಒಂದ್ ಮಾತ್ ಕೇಳಿ ಕೊಡ್ರಿ," ಎಂದಳು ಉಮಾ.

"ಬೇರಿಗೆ ಡಾಕ್ಟರ್ ಯಾಕ ಬೇಕು? ನಿಮ್ಮಪ್ಪ ಹಳದಿ ನುಂಗಬೇಕಾದ್ರ ಯಾರಿಗಿ ಕೇಳಿದ್ರು?"

"ಅವ್ರು ಸಾಲಿ ಕಲ್ತಿಲ್ಲ. ನೀವು ಕಲ್ತೀರಲ್ಲ?"

ಇದನ್ನು ನಾನು ಹೊಗಳಿಕೆ ಎಂದು ತಿಳಿದೆ.

ಪುಡಿ ಅದ್ಭುತವಾಗಿ ಕೆಲಸ ಮಾಡಿತು. "ಅರ್ಧ ತಾಸಿನಾಗ ಕಾಲು ಹಗರ ಆಗ್ತಾವ ನೋಡ್ರಿ, ಥೇಟ್ ಹಳದಿ ನುಂಗಿದಂಗ," ಎಂದರು ಮಾವ.

"ನಿಸರ್ಗಕ್ಕ ಅವಮಾನ ಮಾಡಬ್ಯಾಡ್ರಿ ಮಾವಾರೆ," ಎಂದು ಗದರಿದೆ.

ಮುಂದಿನ ಪರೀಕ್ಷೆಯಲ್ಲಿ ಕಿಡ್ನಿ ಮೊದಲಿಗಿಂತ ಕೆಟ್ಟಿತ್ತು. ಡಾಕ್ಟರು ವರದಿ ಹಿಡಿದು, "ಇವ್ರು ಗುಳಿಗಿ ಬಿಟ್ಟಿಲ್ಲ," ಎಂದರು.

"ಕದ್ದು ನುಂಗಿರ್ತಾರ್ರಿ. ಹಳೇ ಚಟ," ಎಂದೆ ನಾನು.

ಮಾವನವರ ಕಣ್ಣು ತುಂಬಿತು. "ಲಿಂಗದ ಆಣಿ ಮಾಡಿ ಹೇಳ್ತೀನ್ರಿ ಸಾಹೇಬ್ರ, ಅಳಿಯಂದ್ರ ಪುಡಿ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ಲ."

"ಯಾವ ಪುಡಿ?"

ಉಮಾ ಆಗಲೇ ತನ್ನ ಚೀಲದಿಂದ ಪೊಟ್ಟಣ ತೆಗೆದಿದ್ದಳು. ಡಾಕ್ಟರು ಕಾಗದದ ಮೇಲೆ ಪುಡಿ ಸುರುವಿ ಪೆನ್ನಿನ ತುದಿಯಿಂದ ಕೆದಕಿದರು. ಸರಿಯಾಗಿ ಕುಟ್ಟದೆ ಉಳಿದ ಒಂದು ತುಣುಕು ಸಿಕ್ಕಿತು: ಹಳದಿ, ಅರ್ಧ ಗುಳಿಗೆ, ನಡುವಿನ ಗೆರೆ ಸಮೇತ.

"ಇದು ಯಾವ ಗಿಡದ ಬೇರು, ಮಾಸ್ತರೆ?"

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ.

"ನೀವೂ ಇದನ್ನ ತಿಂತೀರೇನು?"

"ಮುಂಜಾನಿ ಒಂದ್ ಚಮಚ, ಸಂಜಿಗಿ ಒಂದ್ ಚಮಚ ತಿಂತಾರ್ರಿ," ಎಂದಳು ಉಮಾ. "ನಮ್ಮಪ್ಪಗ ಅರ್ಧ ಚಮಚನೇ ಕೊಡ್ತಿದ್ರು, ಪುಡಿ ತುಟ್ಟಿ ಅದ ಅಂತ."

ಡಾಕ್ಟರು ನನ್ನ ತೋಳು ಹಿಡಿದು ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿಸಿದರು.

ಪುಡಿ ನಿಂತ ಮೇಲೆ ಮಾವನವರ ಕಿಡ್ನಿ ನಿಧಾನವಾಗಿ ಚೇತರಿಸಿಕೊಂಡಿತು. ಅವರದಕ್ಕಿಂತ ಕೆಟ್ಟಿದ್ದ ನನ್ನದಕ್ಕೆ ವಿಶ್ರಾಂತಿ, ಉಪ್ಪಿಲ್ಲದ ಊಟ, ಉಮಾದೇವಿಯ ಕಾವಲು. ನಿನ್ನೆ ಮುಧೋಳದ ಬೀಗರು ಹಣ್ಣು ಹಿಡಿದು ಮಾವನವರನ್ನು ನೋಡಲು ಬಂದರು. ಮಾವ ಅವರನ್ನು ಬಾಗಿಲಲ್ಲೇ ತಡೆದದ್ದು ನನಗೆ ಒಳಗೆ ಮಲಗಿದಲ್ಲೇ ಕೇಳಿಸಿತು:

"ನಾ ಆರಾಮ್ ಅದೀನ್ರಿ. ಪೇಶಂಟ್ ಒಳಗ ಮಲಗ್ಯಾರ. ಹಣ್ಣು ಕೊಟ್ಟು ಲಗೂನ ಹೊರಗ ಬರ್ರಿ, ಇಲ್ಲಾಂದ್ರ ಪಾಠ ಸುರು ಮಾಡ್ತಾರ."