ಅಳತೆ ಕೊಟ್ಟು ಮಾಡಿಸಿದ ಸೀಟು

ಹನ್ನೊಂದು ಕಾರುಗಳಿದ್ದ ನಮ್ಮ ರೇಸುಗಾರನಿಗೆ ಒಂದೇ ಒಂದು ಕೊರಗು. ಹೆಂಡತಿ ಇನ್ನೂ ತನ್ನ ಅಮ್ಮನ ಡಬ್ಬಾ ವ್ಯಾನಿನಲ್ಲೇ ಓಡಾಡುತ್ತಾಳೆ!

ಹನ್ನೊಂದೂ ಗಿಡುಗನ ಗುರುತಿನ ಒಂದೇ ಕಂಪನಿಯ ಕಾರುಗಳು. ಅವನ ಚಹಾ ಕಪ್ಪಿನ ಮೇಲೂ ಗಿಡುಗ, ದಿಂಬಿನ ಮೇಲೂ ಗಿಡುಗ. ಇಪ್ಪತ್ತು ವರ್ಷದ ಹಿಂದೆ ಅವನು ಗ್ರೀಸು ಬಳಿದುಕೊಂಡ ಮೆಕ್ಯಾನಿಕ್ ಆಗಿದ್ದಾಗ ಆ ಕಂಪನಿಯೇ ಕರೆದು ಕೈಗೆ ಸ್ಟಿಯರಿಂಗ್ ಕೊಟ್ಟಿತ್ತು. ಅದನ್ನವನು ಮರೆತವನಲ್ಲ. ಬೇರೆ ವಾಹನದಲ್ಲಿ ಕೂರುವುದೆಂದರೆ ಅನ್ನ ಕೊಟ್ಟವರಿಗೆ ದ್ರೋಹ ಎಂದು ಭೀಷಣ ಪ್ರತಿಜ್ಞೆಯನ್ನೇ ಮಾಡಿದ್ದ. ಗಿಡದ ಕುಂಡ ಮಾರುವ ಅತ್ತೆಯ ವ್ಯಾನು ಗೇಟಿಗೆ ಬಂದರೆ ಮುಖ ಆಚೆ ತಿರುಗಿಸುತ್ತಿದ್ದ. (ಅತ್ತೆಯಿಂದಲ್ಲ, ವ್ಯಾನಿನಿಂದ.)

ಹೋದ ವರ್ಷ ಅವನಿಗೊಂದು ದಿವ್ಯ ಉಪಾಯ ಹೊಳೆಯಿತು. ಹನ್ನೆರಡನೇ ಕಾರು, ಅದರಲ್ಲಿ ಹೆಂಡತಿಗೆ ಅವಳದೇ ಅಚ್ಚಿನ ಸೀಟು! ಕಂಪನಿಯವನು ಮನೆಗೇ ಬಂದು ಭುಜದಿಂದ ಮಂಡಿಯವರೆಗೆ ಅಳತೆ ತೆಗೆದುಕೊಂಡು ಹೋದ. ಅದಾಗಿ ಎರಡು ತಿಂಗಳಿಗೆ ಹೆಂಡತಿ ಸಿಹಿ ಸುದ್ದಿ ಹೇಳಿದಳು. ರೇಸುಗಾರ ಕುಣಿದಾಡಿಬಿಟ್ಟ. ಆಸ್ಪತ್ರೆಯ ದಾರಿಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ ಏಳು ನಿಮಿಷ ಎಂದು ಗಡಿಯಾರ ಹಿಡಿದು ಖಚಿತಪಡಿಸಿಕೊಂಡ. ಅಳತೆಯ ವಿಷಯ ಮಾತ್ರ ಆ ಮಹಾಶಯನ ತಲೆಗೆ ಬರಲೇ ಇಲ್ಲ.

ಕಾರು ಬಂದು ನಾಲ್ಕು ದಿನವಾಗಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೆಂಡತಿ ಸೊಂಟ ಹಿಡಿದುಕೊಂಡು ಬಂದಳು.

"ರೀ, ನೋವು ಜೋರಾಯ್ತು. ಹೊರಡೋಣ."

"ಹೆದರಬೇಡ. ಏಳೇ ನಿಮಿಷ!" ಎಂದು ಅವನು ಹೊಸ ಕಾರಿನ ಹೊದಿಕೆ ಎಳೆದ. ಕಾರು ಅವಳ ಸೊಂಟದೆತ್ತರಕ್ಕೂ ಇರಲಿಲ್ಲ. ಒಂದು ಕಾಲು ಒಳಗೆ ಹೋಯಿತು. ಅಲ್ಲಿಗೆ ಮೆರವಣಿಗೆ ನಿಂತಿತು.

"ಇನ್ನೊಂಚೂರು ಬಗ್ಗು."

"ಎಲ್ಲಿಗೆ ಬಗ್ಗಲಿ? ಮಧ್ಯದಲ್ಲಿ ನಿಮ್ಮ ಮಗು ಇದೆ!"

"ನಿನ್ನ ಅಳತೆಗೇ ಮಾಡಿಸಿದ್ದು ಕಣೇ!"

"ಯಾವಾಗಿನ ಅಳತೆ?"

ಅವನು ಬೆರಳು ಮಡಚಿ ಎಣಿಸಿದ.

"ಬರುವಾಗ ಮೂರು ಜನ ಆಗ್ತೀವಿ. ಇರೋದು ಎರಡು ಸೀಟು. ಮಗೂನ ಬಾನೆಟ್ ಮೇಲೆ ಕೂರಿಸ್ತೀರಾ?"

ಉಳಿದ ಹನ್ನೊಂದೂ ಅಷ್ಟೇ ತಗ್ಗು, ಅಷ್ಟೇ ಇಕ್ಕಟ್ಟು. ಅಷ್ಟರಲ್ಲಿ ಮಗಳು ಮೊದಲೇ ಮಾಡಿದ್ದ ಫೋನಿಗೆ ಓಗೊಟ್ಟು ಅತ್ತೆಯ ವ್ಯಾನು ಗಡಗಡ ಎನ್ನುತ್ತ ಒಳಗೆ ನುಗ್ಗಿತು.

"ಸ್ವಲ್ಪ ಸರೀರಿ, ಅಳಿಯಂದಿರೇ," ಎಂದವರೇ ಅತ್ತೆ ಮಗಳನ್ನು ಕಾರಿನಿಂದ ಬಿಡಿಸಿ ವ್ಯಾನಿನಲ್ಲಿ ಕೂರಿಸಿದರು. ಅವಳು ಅವನ ಕೈ ಬಿಡಲಿಲ್ಲ. "ಬರ್ತೀರೋ, ಶಪಥ ಕಾಯ್ತಾ ಇರ್ತೀರೋ?"

ಮೂರು ಸಲದ ಚಾಂಪಿಯನ್ ತೆಪ್ಪಗೆ ಹಿಂದೆ ಹತ್ತಿ ಎರಡು ಗುಲಾಬಿ ಕುಂಡಗಳ ನಡುವೆ ಕುಳಿತ. ಅತ್ತೆಯ ವೇಗ ಮೂವತ್ತು ದಾಟಲಿಲ್ಲ.

"ಅತ್ತೇ, ಸ್ವಲ್ಪ ಜೋರಾಗಿ..."

"ಜೋರಾಗಿ ಹೋದ್ರೆ ನನ್ನ ಮಗಳು ಕುಲುಕಾಡ್ತಾಳೆ. ಕುಂಡಾನೂ ಒಡೆಯುತ್ತೆ."

ಇಪ್ಪತ್ತೆರಡು ನಿಮಿಷ ಹಿಡಿಯಿತು. ಆಮೇಲೆ ಅರ್ಧ ಗಂಟೆಗೆ ಹೆಣ್ಣು ಮಗು ಹುಟ್ಟಿತು. "ಸರಿಯಾದ ಹೊತ್ತಿಗೆ ಕರೆತಂದಿರಿ" ಎಂದರು ಡಾಕ್ಟರು. ರೇಸುಗಾರ ಅತ್ತೆಯ ಮಣ್ಣು ಮೆತ್ತಿದ ಎರಡೂ ಕೈ ಹಿಡಿದುಕೊಂಡ. ರೇಸಿನ ಕಪ್ ಗೆದ್ದಾಗಲೂ ಬಾರದ ಕಣ್ಣೀರು ಧಾರಾಕಾರವಾಗಿ ಇಳಿಯಿತು.

"ಅತ್ತೇ, ನಿಮ್ಮ ಉಪಕಾರ ಈ ಜನ್ಮಕ್ಕೆ ಮರೆಯಲ್ಲ. ಹನ್ನೆರಡನೇ ಕಾರು ನಿಮಗೇ."

"ಅದರಲ್ಲಿ ಕುಂಡ ಎಲ್ಲಿಡ್ಲಿ? ನೀವೇ ಇಟ್ಕೊಳ್ಳಿ."

ಮಗಳಂತೂ ಅಜ್ಜಿಯ ಪಕ್ಷ. ಗಿಡುಗನ ಕಾರಿನ ಗುರುಗುಟ್ಟುವಿಕೆ ಕೇಳಿದರೆ ಮನೆ ಹಾರಿಹೋಗುವಂತೆ ಅಳುತ್ತಾಳೆ. ವ್ಯಾನು ಗಡಗಡ ಎಂದರೆ ಮಾತ್ರ ನಿದ್ದೆ. ಹಾಗಾಗಿ ಈಗ ದಿನಾ ಮಧ್ಯಾಹ್ನ ಕುಂಡ ತಲುಪಿಸಲು ವ್ಯಾನು ಓಡಿಸುವವನು ಅವನೇ. ಪಕ್ಕದಲ್ಲಿ ಅತ್ತೆ, ಹಿಂದೆ ಹೆಂಡತಿ, ಅವಳ ಪಕ್ಕದ ಪುಟ್ಟ ಸೀಟಿನಲ್ಲಿ ಮಗು. ಅಷ್ಟು ಸುಖ ಅವನಿಗೆ ಯಾವ ಗೆಲುವಿನಲ್ಲೂ ಸಿಕ್ಕಿರಲಿಲ್ಲ.

ಮೊನ್ನೆ ಕುಂಡ ಇಳಿಸಿಕೊಂಡ ಗಿರಾಕಿಯೊಬ್ಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಸ ಡ್ರೈವರಾ? ಹೇಗೆ ಓಡಿಸ್ತಾನೆ?" ಎಂದು ಅತ್ತೆಯನ್ನು ಕೇಳಿದರು.

"ಪರವಾಗಿಲ್ಲ," ಎಂದರು ಅತ್ತೆ. "ತಿರುವಿನಲ್ಲಿ ಇನ್ನೂ ಸ್ವಲ್ಪ ಕಲೀಬೇಕು."